ಕೊಪ್ಪರಿಗೆಯ ಸಾಕ್ಷಿ

"ಜೀತ ಹೋಯ್ತಾ? ಯಾವ ಸೂಳೆಮಗ ಹೇಳಿದ್ನಲೇ ನಿಂಗೆ, ಜೀತ ಹೋಯ್ತು ಅಂತ?"

ತಿಮ್ಮರಾಯಪ್ಪ ಗೌಡನ ಕೂಗಿಗೆ ಆಲೆಮನೆಯಲ್ಲಿದ್ದವರ ಕೈಗಳೆಲ್ಲ ನಿಂತವು. ನಿಂಗಕ್ಕ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತ ಕುಕ್ಕರುಗಾಲಲ್ಲಿ ಕೂತಿದ್ದಳು. ಗಾಣದ ಇಂಜಿನ್ ಆಗಷ್ಟೇ ನಿಂತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಪಾಕಕ್ಕೆ ತಿರುಗಿ, ದಪ್ಪ ಗುಳ್ಳೆಗಳೆದ್ದು ಒಡೆಯುವ ಸದ್ದೊಂದೇ ಕೇಳುತ್ತಿತ್ತು.

ಓಬಯ್ಯ ತಲೆಯ ಮೇಲಿನ ಕಬ್ಬಿನ ಹೊರೆ ಇಳಿಸಿ, ಸಿಂಬಿಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಅವನ ಅಪ್ಪನೂ ಇದೇ ಗೌಡರ ಮನೆಯ ಜೀತದಲ್ಲೇ ಸತ್ತಿದ್ದ.

"ಹಿರಿಯೂರಾಗೆ ತಮಟೆ ಹೊಡ್ಸವ್ರೆ ಗೌಡ್ರೆ. ತಾಲ್ಲೂಕಾಪೀಸಿನ ಮುಂದೆ ನಾನೇ ಕೇಳ್ಕಂಡ್ ಬಂದೆ. ಯಾರೂ ಜೀತಕ್ಕೆ ಇಟ್ಕಳಂಗಿಲ್ವಂತೆ. ನಾಳೆಯಿಂದ ಎಲ್ರಂಗೆ ಕೂಲಿಗೆ ಬತ್ತೀನಿ. ಜೀತಕ್ಕೆ ಬರಾಕಿಲ್ಲ."

ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಆದರೆ ಹೇಳಿದ. ಗೌಡ ಕಾಲಿನ ಮೆಟ್ಟು ಬಿಚ್ಚಿ ಎತ್ತಿದಾಗ, ಯಾವತ್ತೂ ಬೆನ್ನು ಕೊಡುತ್ತಿದ್ದ ಓಬಯ್ಯ ಅವತ್ತು ಕೈ ಚಾಚಿ ಗೌಡನ ಮುಂಗೈ ಹಿಡಿದುಬಿಟ್ಟ.

"ಹೊಡೀಬ್ಯಾಡ್ರಿ ಗೌಡ್ರೆ. ಇನ್ ಮ್ಯಾಲೆ ಹೊಡೀಬ್ಯಾಡ್ರಿ."

"ಮುಟ್ಟಿದ್ಯೇನೋ! ಮಾದಿಗ ನನ್ ಮಗನೆ, ನನ್ನ ಮುಟ್ಟಿದ್ಯೇನೋ!"

ಗೌಡ ಕೈ ಕೊಸರಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಓಬಯ್ಯನ ಎದೆಗೆ ಒದ್ದ. ಓಬಯ್ಯನ ಹಿಂದೆ ನೆಲಮಟ್ಟದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು.

ಆ ಕೂಗನ್ನು ಕೇಳಿದವರು ಆಮೇಲೆ ಅದರ ಮಾತೇ ಎತ್ತಲಿಲ್ಲ. ಕೇರಿಯ ಯಜಮಾನ ಬೋರಣ್ಣ ಮತ್ತು ನಿಂಗಕ್ಕನ ಗಂಡ ಚಿಕ್ಕತಿಮ್ಮಪ್ಪ ಗೋಣಿಚೀಲ ಕೈಗೆ ಸುತ್ತಿಕೊಂಡು ಅವನನ್ನು ಎಳೆದರು. ಎಳೆದ ಕಡೆ ಚರ್ಮ ಕೈಗೆ ಬಂತು. ಗಾಡಿಗೆ ಹುಲ್ಲು ಹಾಸಿ ಮಲಗಿಸಿದರು. ಗಾಡಿ ನಾಲೆಯ ಸೇತುವೆ ದಾಟುವುದರೊಳಗೆ ಅವನ ಸದ್ದು ನಿಂತಿತು.

ಕೇರಿಯವರು ಯಾರೂ ಆ ಕೊಪ್ಪರಿಗೆಯ ಹತ್ತಿರ ಸುಳಿಯುವ ಹಾಗಿರಲಿಲ್ಲ. ಕಬ್ಬು ಹೊರಬಹುದು, ಉರಿ ಹಾಕಬಹುದು; ಪಾಕ ನೋಡುವುದು, ಅಚ್ಚಿಗೆ ಹುಯ್ಯುವುದು ಗೌಡನ ಕಡೆಯವರ ಕೆಲಸ. ಕೇರಿಯವರ ನೆರಳು ಬಿದ್ದರೂ ಬೆಲ್ಲ ಮೈಲಿಗೆ. ಗಾಡಿ ಹೋದ ಮೇಲೆ ಪಾಕ ನೋಡುವವನು ಸೌಟು ಹಿಡಿದು ನಿಂತೇ ಇದ್ದ. ಗೌಡ ಹೇಳಿದ:

"ಏನ್ಲೇ ನೋಡ್ತೀಯ? ಪಾಕ ಕೆಡ್ತೈತೆ. ಅಚ್ಚಿಗೆ ಹುಯ್ಯಿ."

ಅವನು ಹುಯ್ದ. ಮಾರನೇ ದಿನ ಆ ಬೆಲ್ಲ ಮಂಡಿಗೆ ಹೋಯಿತು. ಒಲೆಯ ಮುಂದಿದ್ದ ನಿಂಗಕ್ಕ ಹುಯ್ದದ್ದನ್ನೂ ಕಂಡಳು.

*

ಓಬಯ್ಯನನ್ನು ಮಣ್ಣು ಮಾಡಿದ ಮರುದಿನ ಗೌಡ ಕೇರಿಯ ಹತ್ತಿರ ಬಂದ. ಒಳಗೆ ಬರಲಿಲ್ಲ. ಹೊರಗಿನ ಹುಣಸೆಮರದ ಕೆಳಗೆ ನಿಂತು ಬೋರಣ್ಣನನ್ನು ಕರೆಸಿದ.

"ಪೊಲೀಸ್ನೋರು ಬತ್ತಾರೆ. ಸಾವು ಅಂದ್ರೆ ಬರ್ಲೇಬೇಕಲ್ಲ. ಕುಡ್ದು ಬಂದಿದ್ದ, ತೂರಾಡಿ ಬಿದ್ದ. ಎಲ್ರ ಬಾಯಾಗೂ ಒಂದೇ ಮಾತು ಬರ್ಬೇಕು. ಅವ್ನ ಹೆಂಡ್ತಿಗೆ ಕೆರೆ ಹಿಂದಿನ ತುಂಡು ಹೊಲ ಬಿಟ್ಟುಕೊಡ್ತೀನಿ. ಒಂದು ನಾಲಿಗೆ ತಪ್ಪಿದ್ರೂ ಇಡೀ ಕೇರಿ ನನ್ನ ಹೊಲಕ್ಕೆ ಕಾಲಿಡಂಗಿಲ್ಲ. ನಾಲೆ ನೀರೂ ಮುಟ್ಟಂಗಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಬುದ್ಧಿ," ಅಂದ ಬೋರಣ್ಣ.

ಓಬಯ್ಯ ಹೆಂಡ ಕುಡಿಯುವವನಲ್ಲ. ಅದರ ವಾಸನೆಗೇ ಅವನಿಗೆ ವಾಂತಿ ಬರುತ್ತಿತ್ತು. ಮದುವೆ, ಹಬ್ಬಗಳಲ್ಲಿ ಕೇರಿಯ ಗಂಡಸರು ಅದನ್ನೇ ಹಿಡಿದು ಅವನನ್ನು ಆಡಿಕೊಳ್ಳುತ್ತಿದ್ದರು. ಅದೇ ಗಂಡಸರು ಈಗ ಮಾರಮ್ಮನ ಗುಡಿಯ ಮುಂದೆ ಸೇರಿದರು. ಬೋರಣ್ಣ ದೀಪ ಹಚ್ಚಿಸಿದ. ಆಲೆಮನೆಯಲ್ಲಿದ್ದವರು ಒಬ್ಬೊಬ್ಬರೇ ಬಂದು ದೀಪದ ಮೇಲೆ ಕೈಯಿಟ್ಟು ಓಬಯ್ಯ ಕುಡಿದಿದ್ದ ಎಂದು ಹೇಳಬೇಕು. ಎಲ್ಲರೂ ಹೇಳಿದರು. ಚಿಕ್ಕತಿಮ್ಮಪ್ಪನೂ ಹೇಳಿದ. ಕೊನೆಗೆ ಉಳಿದವಳು ನಿಂಗಕ್ಕ.

"ನಾನು ಇಡಾಕಿಲ್ಲ ಮಾವ."

"ಮಾರಮ್ಮನ ದೀಪ ಬ್ಯಾಡಂದ್ರೆ ಬಿಡು. ನಿನ್ ಏಸಪ್ಪನ ಮ್ಯಾಲೇ ಆಣೆ ಮಾಡು. ನಂಗೇನು?"

"ಅವ್ನ ಹೆಸ್ರಲ್ಲಿ ಸುಳ್ಳು ಹೇಳು ಅಂತೀಯಾ?"

ಕೇರಿಯಲ್ಲಿ ಕ್ರಿಸ್ತನನ್ನು ನಂಬಿದವಳು ಅವಳೊಬ್ಬಳೇ. ಮಗುವಿನ ಹೆರಿಗೆಯಲ್ಲಿ ಸಾಯುವ ಹಾಗಾಗಿ ಚಿತ್ರದುರ್ಗದ ಆಸ್ಪತ್ರೆ ಸೇರಿದ್ದಾಗ, ಯಾರೋ ಒಬ್ಬ ನರ್ಸಮ್ಮ ಇವಳ ಮೈಯನ್ನು, ಇವಳ ಹೊಲಸನ್ನು ತನ್ನ ಕೈಯಾರೆ ತೊಳೆದು, ಬಿಳೀ ಬಟ್ಟೆ ಉಡಿಸಿದ್ದಳು. ಯಾಕೆ ತಾಯಿ ನಮ್ಮಂತೋರನ್ನ ಮುಟ್ತೀಯ ಎಂದು ಕೇಳಿದ್ದಕ್ಕೆ ಆ ಹೆಂಗಸು ಕ್ರಿಸ್ತನ ಕಥೆ ಹೇಳಿದ್ದಳು. ಅಂದಿನಿಂದ ನಿಂಗಕ್ಕ ಭಾನುವಾರಕ್ಕೊಮ್ಮೆ ಹಿರಿಯೂರಿಗೆ ನಡೆದು ಪ್ರಾರ್ಥನೆಗೆ ಹೋಗಿಬರುತ್ತಿದ್ದಳು. ಅಲ್ಲಿ ನೀರಲ್ಲಿ ಮುಳುಗಿಸಿ ದೀಕ್ಷೆ ಕೊಟ್ಟು ಮಾರ್ತಮ್ಮ ಎಂದು ಹೆಸರಿಟ್ಟಿದ್ದರು. ಕೇರಿಯಲ್ಲಿ ಆ ಹೆಸರಿಂದ ಯಾರೂ ಕರೆಯುತ್ತಿರಲಿಲ್ಲ, ಅಣಕಿಸುವಾಗ ಮಾತ್ರ ಕರೆಯುತ್ತಿದ್ದರು.

ಅವಳೇನೂ ಸುಳ್ಳನ್ನೇ ಆಡದವಳಲ್ಲ. ಗೌಡನ ಹೊಲದ ಕಡಲೆ ಕಿತ್ತು ಸೆರಗಿಗೆ ಹಾಕಿಕೊಂಡು ಇಲ್ಲ ಎಂದಿದ್ದವಳೇ. ಆದರೆ ಏಸುವನ್ನು ಕೊಂದ ಕಥೆಯನ್ನು ಮೊದಲ ಸಲ ಕೇಳಿದ ದಿನ ಅವಳು ಪ್ರಾರ್ಥನೆಯ ನಡುವೆಯೇ ಎದ್ದು ಕೇಳಿದ್ದಳು: "ದೊಡ್ಡೋರು ಅಷ್ಟು ಜನ ಸುಳ್ಳು ಸಾಕ್ಷಿ ಹೇಳ್ಸವಾಗ, ಇವ್ನ ಜೊತೇಲಿ ಉಂಡೋರು ಎಲ್ಲಿಗೆ ಹೋಗಿದ್ರು? ನಿಜ ಹೇಳಾಕೆ ಆ ಊರಾಗೆ ಒಬ್ಬ ಹೆಂಗ್ಸೂ ಇರ್ಲಿಲ್ವಾ?" ಎಲ್ಲರೂ ನಕ್ಕಿದ್ದರು. ಅವಳು ನಗಿಸಲು ಕೇಳಿದ್ದಲ್ಲ.

"ಓಬಣ್ಣ ಕುಡ್ದಿರ್ಲಿಲ್ಲ," ಎಂದಳು ಈಗ. "ನಿಂಗೊತ್ತು, ನಂಗೊತ್ತು. ಗೌಡ ಒದ್ದಿದ್ದು ನಾನು ಕಂಡೆ."

"ಲೇ ನಿಂಗಿ!" ಅವಳ ಜೊತೆಯಲ್ಲಿ ಕಳೆ ಕೀಳುತ್ತಿದ್ದ ಪುಟ್ಟಕ್ಕ ಮುಂದೆ ನುಗ್ಗಿದಳು. "ನಾಳೆ ನಮ್ಮ ಮಕ್ಳ ಬಾಯಿಗೆ ನಿನ್ ಏಸು ಬಂದು ಅಂಬಲಿ ಹುಯ್ತಾನೇನೇ? ನಿಂಗೊಬ್ಳಿಗೇ ಕಣ್ಣು ಇರೋದಾ? ನಮ್ ಕಣ್ಣೇನು ತೂತಾ?"

"ಕಣ್ಣೈತಲ್ಲ ಪುಟ್ಟಿ, ಅದ್ಕೇ ಹೇಳೋದು."

ಆಗ ಓಬಯ್ಯನ ಹೆಂಡತಿ ಕಾಳಕ್ಕ ಎದ್ದು ಬಂದಳು. ಬಳೆ ಒಡೆದ ಕೈಯ ಗಾಯ ಇನ್ನೂ ಮಾಗಿರಲಿಲ್ಲ.

"ಸತ್ತೋನು ನನ್ ಗಂಡ," ಎಂದಳು. "ನಿನ್ನೋನಲ್ಲ. ನಂಗೆ ಇಬ್ರು ಹೆಣ್ಮಕ್ಳವೆ. ಗೌಡ ಹೊಲ ಕೊಡ್ತೀನಿ ಅಂದವ್ನೆ. ನೀನು ನಿಜ ಹೇಳಿದ್ರೆ ಅವ್ನು ಎದ್ದು ಬತ್ತಾನಾ? ಬತ್ತಾನೆ ಅನ್ನು, ನಾನೇ ನಿನ್ ಜೊತೆ ಬಂದು ಹೇಳ್ತೀನಿ."

ಬರಲ್ಲವೆಂದು ನಿಂಗಕ್ಕ ತಲೆಯಾಡಿಸಿದಳು.

"ಕಾಲಿಗೆ ಬೀಳ್ತೀನಿ ಕಣೇ," ಎನ್ನುತ್ತ ಕಾಳಕ್ಕ ನಿಜವಾಗಿಯೂ ಬಗ್ಗಿದಳು. ನಿಂಗಕ್ಕ ಅವಳ ಎರಡೂ ತೋಳು ಹಿಡಿದು ಎತ್ತಿದಳು.

"ಅತ್ತಿಗೇ, ಬೀಳಬ್ಯಾಡ. ನನ್ ಕೈಲಿ ಆಗಾಕಿಲ್ಲ."

ಕಾಳಕ್ಕ ಅವಳ ಮುಖಕ್ಕೆ ಉಗಿದಳು.

*

ಆ ವಾರವೇ ಹಿರಿಯೂರಿನಿಂದ, ಅಲ್ಲಿ ಪ್ರಾರ್ಥನೆ ನಡೆಸುವ ಉಪದೇಶಿ ದೇವಪುತ್ರಪ್ಪ ಸೈಕಲ್ ತುಳಿದುಕೊಂಡು ಬಂದ. ಗೌಡನ ಮನೆಯಲ್ಲಿ ಮಜ್ಜಿಗೆ ಕುಡಿದು ಬಂದಿದ್ದ. ಮೀಸೆಯ ಮೇಲೆ ಅದರ ಗುರುತಿತ್ತು. ನಿಂಗಕ್ಕನ ಮನೆಯ ಜಗಲಿಯ ಮೇಲೆ ಕೂತು, ಪ್ರಾರ್ಥನೆ ಮಾಡಿ, ಗಂಟಲು ಸರಿಮಾಡಿಕೊಂಡ.

"ಮಾರ್ತಮ್ಮ, ಕರ್ತನು ಸಮಾಧಾನ ಮಾಡೋರನ್ನ ಮೆಚ್ಕಂತಾನೆ. ಗೌಡ್ರು ಒಳ್ಳೆಯೋರು. ನಮ್ಮ ಪ್ರಾರ್ಥನಾ ಮಂದಿರಕ್ಕೆ ರಸ್ತೆ ಪಕ್ಕದ ಜಾಗ ಕೊಡೋ ಮನಸ್ಸು ಮಾಡವ್ರೆ. ನಾನು ಸುಳ್ಳು ಹೇಳು ಅನ್ನಲ್ಲ. ಸುಮ್ನಿರು ಅಂತೀನಿ. ಪೊಲೀಸ್ನೋರು ಬಂದಾಗ ಹುಷಾರಿಲ್ಲ ಅಂತ ಮನೇಲಿ ಮಲಕ್ಕ. ಸುಮ್ನಿರೋದು ಸುಳ್ಳಲ್ಲ."

"ಹುಷಾರಿಲ್ಲ ಅನ್ನೋದು ಸುಳ್ಳಲ್ವಾ ಅಯ್ಯನೋರೆ?"

ಅವನು ಮುಖ ಗಂಟು ಹಾಕಿದ.

"ಪ್ರತಿ ಭಾನುವಾರ ನೀವೇ ನನ್ನ ಎಬ್ಬಿಸಿ ನಿಲ್ಲಿಸ್ತೀರಿ," ಎಂದಳು ನಿಂಗಕ್ಕ. "ಸಾಕ್ಷಿ ಹೇಳು ಮಾರ್ತಮ್ಮ, ಸಾಕ್ಷಿ ಹೇಳು ಅಂತೀರಿ. ಆಸ್ಪತ್ರೇಲಿ ಏಸು ಹೆಂಗೆ ಕಾಪಾಡ್ದ ಅಂತ ನಾನು ಹೇಳ್ತೀನಿ. ಎಲ್ರೂ ಸ್ತೋತ್ರ ಅಂತೀರಿ. ಸಾಕ್ಷಿ ಅಂದ್ರೆ ಅಷ್ಟೇನಾ? ಮಂದಿರದೊಳಗೆ ಹೇಳಾಕೆ ಮಾತ್ರಾನಾ?"

"ಎದುರು ಮಾತಾಡ್ತೀಯ ನೀನು."

"ಕೋಳಿ ಕೂಗೋಕ್ಮುಂಚೆ ಏಸು ಯಾರೋ ಗೊತ್ತಿಲ್ಲ ಗೊತ್ತಿಲ್ಲ ಅಂದ್ನಲ್ಲ ಆ ಶಿಷ್ಯ ಪೇತ್ರ, ಅವ್ನ ಮ್ಯಾಲೆ ನಂಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಈಗ ನಾನೂ ಹೋಗಿ ಅವ್ನ ಪಕ್ಕ ನಿಂತ್ಕಳ್ಳಾ?"

ಉಪದೇಶಿ ಎದ್ದು ಸೈಕಲ್ಲಿನ ಸ್ಟ್ಯಾಂಡ್ ಒದ್ದ. "ಗರ್ವ ಬಂದೈತೆ ನಿಂಗೆ. ಸ್ವಲ್ಪ ದಿನ ಪ್ರಾರ್ಥನೆಗೆ ಬರಬ್ಯಾಡ. ಮಿಕ್ಕ ಜನ ಹೆದರ್ಕಂಡವ್ರೆ."

ಅವನು ಹೋದ ಮೇಲೆ ನಿಂಗಕ್ಕ ಜಗಲಿಯಲ್ಲೇ ಕೂತಳು. ಕಾಳಕ್ಕ ಉಗಿದಾಗ ಬರದಿದ್ದ ಅಳು ಆಗ ಬಂತು.

*

ಊರ ಚಾವಡಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಕುರ್ಚಿಯ ಮೇಲೆ ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಗೌಡ. ಕೇರಿಯವರು ಕೆಳಗೆ ಬಿಸಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಗೌಡನ ಮನೆಯಿಂದ ಬೆಲ್ಲದ ಕಾಫಿ ಬಂದಿತ್ತು.

"ಕುಡ್ದಿದ್ದ ಸ್ವಾಮಿ. ತೂರಾಡ್ಕಂಡು ಬಂದ, ಬಿದ್ದ," ಎಂದ ಬೋರಣ್ಣ.

"ಕುಡ್ದಿದ್ದ," ಎಂದ ಚಿಕ್ಕತಿಮ್ಮಪ್ಪ.

"ದಿನಾ ಕುಡೀತಿದ್ದ ಸ್ವಾಮಿ," ಎಂದಳು ಕಾಳಕ್ಕ, ನೆಲ ನೋಡುತ್ತ. ಹೇಳಿ, ಹೆಬ್ಬೆಟ್ಟೊತ್ತಿ, ಅಲ್ಲಿ ನಿಲ್ಲದೆ ಕೇರಿಗೆ ಹೊರಟುಹೋದಳು.

"ಆಯ್ತಲ್ಲ. ಎಲ್ಲರದೂ ಆಯ್ತಾ?"

"ನಂದಾಗಿಲ್ಲ ಸ್ವಾಮಿ."

ಗೌಡ ಸಬ್ ಇನ್‌ಸ್ಪೆಕ್ಟರನ ಕಿವಿಯಲ್ಲಿ ಏನೋ ಹೇಳಿದ. ಅವನು ನಕ್ಕ.

"ಹೆಸರು?"

"ನಿಂಗಕ್ಕ. ನೀರಲ್ಲಿ ಮುಳುಗಿದ ಮ್ಯಾಲೆ ಮಾರ್ತಮ್ಮ."

"ಎರಡು ಹೆಸರು ಇಟ್ಕೊಂಡೋಳು ಎರಡು ನಾಲಿಗೇನೂ ಇಟ್ಕೊಂಡಿರ್ತಾಳೆ. ಹೇಳು."

ಅವಳು ಹೇಳಿದಳು. ಓಬಯ್ಯ ಏನು ಕೇಳಿದ, ಗೌಡ ಏನು ಬೈದ, ಯಾವ ಕಾಲಲ್ಲಿ ಒದ್ದ, ಎಲ್ಲ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. "ನಮ್ಮ ನೆರಳು ಬಿದ್ರೆ ಮೈಲಿಗೆ ಅನ್ನೋ ಕೊಪ್ಪರಿಗೆಯೊಳಗೆ ಓಬಣ್ಣ ಬೆಂದ ಸ್ವಾಮಿ. ಅದೇ ಪಾಕಾನ ಅಚ್ಚಿಗೆ ಹುಯ್ದ್ರು. ಅದೇ ಬೆಲ್ಲ ಮಾರಿದ್ರು. ಯಾರ್ಯಾರು ತಿಂದವ್ರೋ."

ಸಬ್ ಇನ್‌ಸ್ಪೆಕ್ಟರ್ ಕಾಫಿಯ ಲೋಟವನ್ನು ಬಾಯಿಂದ ತೆಗೆದು ಕೆಳಗಿಟ್ಟ. ಮುಖ ಕಪ್ಪಿಟ್ಟಿತು. ಬಳಿಕ ಎದ್ದು ಬಂದು ಅವಳ ಕೆನ್ನೆಗೆ ಹೊಡೆದ.

"ಈಗ ಎಂಥಾ ಕಾಲ ಗೊತ್ತೇನೇ? ಎಮರ್ಜೆನ್ಸಿ! ನಿನ್ನ ತೆಗೆದು ಒಳಗೆ ಹಾಕಿದ್ರೆ ಯಾಕೆ ಅಂತ ಕೇಳೋನು ಹುಟ್ಟಿಲ್ಲ. ಎಲ್ಲರೂ ಒಂದು ಹೇಳಿದ್ರೆ ನೀನೊಂದು ಹೇಳ್ತೀಯ? ಎಷ್ಟು ಕೊಟ್ರು ನಿಂಗೆ ಆ ಕಿರಸ್ತಾನರು? ಹಾಕು ಹೆಬ್ಬೆಟ್ಟು. ಕುಡಿದು ಬಿದ್ದ ಅಂತ ಬರೆದಾಗಿದೆ, ಹಾಕು."

"ನಾನು ಹೇಳಿದ್ದು ಬರ್ಕಳ್ರಿ. ಹಾಕ್ತೀನಿ."

ಪೇದೆ ಅವಳ ಕೈ ಹಿಡಿದು ಮೆಟ್ಟಿಲ ಮೇಲಕ್ಕೆ ಎಳೆದ. ಅವಳು ಮುಷ್ಟಿ ಕಟ್ಟಿದಳು. ಲಾಠಿಯ ತುದಿಯಿಂದ ಗೆಣ್ಣಿನ ಮೇಲೆ ಹೊಡೆದ. ಮತ್ತೆ ಹೊಡೆದ. ಚರ್ಮ ಕಿತ್ತು ರಕ್ತ ಬಂತು. ಮುಷ್ಟಿ ಬಿಚ್ಚಲಿಲ್ಲ.

"ಬಿಡಯ್ಯ, ಹುಚ್ಚಿ," ಎಂದ ಸಬ್ ಇನ್‌ಸ್ಪೆಕ್ಟರ್. "ಇವಳೊಬ್ಬಳದು ಇಲ್ದಿದ್ರೆ ಕೇಸು ಮುಗಿಯಲ್ವಾ? ಮುಚ್ಚು."

ಮೆಟ್ಟಿಲಿಳಿದು ಬಂದಾಗ ಕೇರಿಯವರು ಅವಳಿಗೆ ದಾರಿ ಬಿಟ್ಟರು. ಗೌರವಕ್ಕಲ್ಲ, ಮೈಗೆ ತಾಕದಿರಲಿ ಎಂದು.

*

ಗೌಡ ಹೇಳಿದಂತೆಯೇ ಮಾಡಿದ. ಕಬ್ಬು ಕಡಿಯಲು ಬೇರೆ ಊರಿನವರನ್ನು ಕರೆಸಿದ. ನಾಲೆಯ ಏರಿಯ ಮೇಲೆ ಆಳು ನಿಲ್ಲಿಸಿದ. ಕೇರಿಯ ಒಲೆಗಳು ಆರಿದವು. ಓಬಯ್ಯನ ಹೆಂಡತಿಗೆ ಕೊಡುತ್ತೇನೆಂದ ತುಂಡು ಹೊಲದ ಮಾತು ಎತ್ತಿದಾಗ, "ನಿಮ್ ಕೇರಿಯೋಳ ನಾಲಿಗೆ ಉದ್ದ ಆಯ್ತಲ್ಲ, ಅವಳ್ನೇ ಕೇಳು," ಎಂದು ಕಳಿಸಿದ.

ಕೇರಿಯ ಸಿಟ್ಟೆಲ್ಲ ಗೌಡನ ಮನೆಯವರೆಗೆ ಹೋಗಲಿಲ್ಲ. ಅದು ನಿಂಗಕ್ಕನ ಮನೆಗೆ ಹತ್ತಿರವಿತ್ತು. ಬೆಂಕಿ ಕೇಳಲು ಹೋದರೆ ಬಾಗಿಲು ಹಾಕಿದರು. ಬಾವಿಯಲ್ಲಿ ಅವಳು ಸೇದಿ ತುಂಬಿದ್ದ ಕೊಡವನ್ನು ಪುಟ್ಟಕ್ಕ ಕಾಲಿನಿಂದ ಉರುಳಿಸಿದಳು. "ಏಸು ನೀರಿನ ಮ್ಯಾಲೆ ನಡೀತಾನಂತಲ್ಲ, ಅವ್ನನ್ನೇ ಸೇದಿಕೊಡು ಅನ್ನು." ಹೆಂಗಸರು ನಕ್ಕರು.

ಚಿಕ್ಕತಿಮ್ಮಪ್ಪ ಅವಳನ್ನು ಹೊಡೆಯಲಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತ.

"ಹೊಸದುರ್ಗದ ಕಡೆ ಅಕ್ಕನ ಮನೆಗೆ ಹೋಗ್ತೀನಿ. ಇಲ್ಲಿ ಕೂಸು ಉಪಾಸ ಸಾಯ್ತೈತೆ."

"ನಾನೂ ಬತ್ತೀನಿ."

"ಬಾ. ಗೌಡನ ಮುಂದೆ ತಪ್ಪಾಯ್ತು ಅಂದು ಬಾ. ನಾನು ಇಲ್ಲೇ ಕಾಯ್ತೀನಿ." ಅವನ ದನಿ ಬೇಡುವಂತಿತ್ತು. "ಒಂದು ಮಾತು ಕಣೇ. ಒಂದೇ ಮಾತು."

ಮಗು ಅವಳ ಕಡೆ ಕೈ ಚಾಚಿತು. ಅವಳು ಅದರ ಪಾದವನ್ನು ಹಿಡಿದು ಮುತ್ತಿಟ್ಟು ಬಿಟ್ಟಳು.

"ಹೋಗ್ ಬಾ," ಎಂದಳು.

ಅವರು ಕಣ್ಮರೆಯಾದ ಮೇಲೆ ಒಳಗೆ ಬಂದು ಪ್ರಾರ್ಥನೆಗೆ ಕೂತಳು. ಕಲಿತ ಹಾಡು ಒಂದೂ ನೆನಪಿಗೆ ಬರಲಿಲ್ಲ. ಗೋಡೆ ನೋಡುತ್ತ ಏಸುವನ್ನೇ ಬೈದಳು: "ನಿನ್ ಮಾತು ಕೇಳಿ ನಿಂತೆ. ನನ್ ಕೂಸು ನಿಂಗೇನು ಮಾಡಿತ್ತಪ್ಪಾ? ನಿಂಗೂ ಯಾರೂ ಇರ್ಲಿಲ್ಲ ಅಂತ ನಂಗೂ ಯಾರೂ ಬ್ಯಾಡ್ವಾ?" ಬೈದು ಬೈದು ಸಾಕಾಗಿ, ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಬಿಡಬ್ಯಾಡ ನನ್ನ," ಎಂದಳು. "ನಾನಂತೂ ಬಿಡಾಕಿಲ್ಲ."

*

ಬೇರೆ ಊರಿನ ಕೂಲಿಗಳು ಕೈಕೊಟ್ಟರು. ಕಡಿದ ಕಬ್ಬು ಒಣಗತೊಡಗಿತು. ಗೌಡ ಕೇರಿಗೆ ಹೇಳಿಕಳಿಸಿದ: ಆಲೆಮನೆಗೆ ಶಾಂತಿ ಮಾಡಿಸಿ ಮತ್ತೆ ಗಾಣ ಹೂಡುತ್ತೇನೆ, ಎಲ್ಲರೂ ಬರಬಹುದು, ಆ ಕಿರಸ್ತಾನದವಳೊಬ್ಬಳು ಬರಕೂಡದು. ಕೇರಿ ಎದ್ದು ಹೋಯಿತು. ಹಸಿದ ಹೊಟ್ಟೆಯಲ್ಲಿ ಕಾಳಕ್ಕನೂ ಹೋದಳು.

ಪುರೋಹಿತ ಕೊಪ್ಪರಿಗೆಗೆ ಅರಿಶಿನ ಹಚ್ಚಿ, ಹೂವಿಟ್ಟು, ಮಂತ್ರ ಹೇಳುತ್ತ ಸುತ್ತ ನೀರು ಚಿಮುಕಿಸುತ್ತಿದ್ದ. ಊರಿನ ದೊಡ್ಡವರು ಚಾಪೆಯ ಮೇಲೆ ಕೂತಿದ್ದರು. ಕೇರಿಯವರು ಬೇಲಿಯ ಆಚೆ ನಿಂತಿದ್ದರು. ಗೌಡನ ಕೈಯಿಂದ ಒಲೆಗೆ ಬೆಂಕಿ ಬಿತ್ತು. ಸಿಪ್ಪೆ ಚಟಪಟ ಹತ್ತಿಕೊಂಡಿತು.

ನಿಂಗಕ್ಕ ನಾಲೆಯ ಕಡೆಯಿಂದ ಬಂದಳು. ಸೊಂಟದ ಮೇಲೆ ನೀರಿನ ಕೊಡವಿತ್ತು. ಸೆರಗು ಮುಖಕ್ಕೆ ಎಳೆದಿದ್ದರಿಂದ, ಊರಿನವಳು ಯಾರೋ ಶಾಂತಿಗೆ ನೀರು ತಂದಳೆಂದು ಬಾಗಿಲಲ್ಲಿದ್ದವರು ತಡೆಯಲಿಲ್ಲ. ನೇರ ಒಲೆಯ ಬಾಯಿಗೆ ಹೋಗಿ, ತುಂಬಿದ ಕೊಡವನ್ನು ಬೆಂಕಿಯ ಮೇಲೆ ಸುರಿದಳು. ಬುಸ್ಸೆಂದು ಹೊಗೆ, ಬೂದಿ ಎದ್ದು ಪುರೋಹಿತನ ಮುಖಕ್ಕೆ ಹೊಡೆಯಿತು. ಮಂತ್ರ ನಿಂತಿತು.

"ಏನು ಶಾಂತಿ ಮಾಡ್ತೀರಿ ಸ್ವಾಮಿ?" ಎಂದಳು. "ಯಾರು ಕೊಂದ್ರು ಅಂತ ಹೇಳ್ದೆ ಯಾವ ಶಾಂತಿ? ಓಬಯ್ಯನ್ನ ಈ ಗೌಡ ಒದ್ದು ಕೊಂದ. ನಾನು ಕಂಡೆ. ಕ್ರಿಸ್ತನ ಮುಂದೆ ನಿಂತು ಹೇಳ್ತೀನಿ, ನಿಮ್ಮ ಮುಂದೂ ಹೇಳ್ತೀನಿ, ಕಂಡೆ!"

"ಎಳ್ಕಂಡು ಹೋಗ್ರಲೇ ಅವಳನ್ನ!"

ಮೊದಲು ಬೇಲಿ ಹಾರಿ ಬಂದವರು ಕೇರಿಯವರೇ. ಬೋರಣ್ಣ ಅವಳ ಕೂದಲು ಹಿಡಿದು ಕೆಡವಿದ. "ಲೌಡಿ, ನಮ್ಮ ಅನ್ನಕ್ಕೆ ಮತ್ತೆ ಮಣ್ಣು ಹಾಕಿದ್ಯೇನೇ!" ಎಂದು ಬಾಯಿಗೆ ಗುದ್ದಿದ. ಪುಟ್ಟಕ್ಕ ಒದ್ದಳು. ನಿಂಗಕ್ಕ ಬಾಯೊಳಗಿನ ರಕ್ತ ಉಗಿದು ಮತ್ತೆ ಕೂಗಿದಳು: "ಕಂಡೆ!"

ಕಾಳಕ್ಕ ಜನರನ್ನು ತಳ್ಳಿಕೊಂಡು ಬಂದಳು. ಅವಳೂ ಹೊಡೆಯುತ್ತಾಳೆಂದು ಬೋರಣ್ಣ ಜಾಗ ಬಿಟ್ಟ. ಕಾಳಕ್ಕ ನಿಂಗಕ್ಕನ ಪಕ್ಕ ಮಣ್ಣಲ್ಲಿ ಕುಸಿದು ಕೂತಳು.

"ಗೌಡ ಹೊಡೀವಾಗ ಅವ್ನು ಏನಂದ?" ಎಂದು ಕೇಳಿದಳು. "ನಂಗೆ ಯಾರೂ ಹೇಳ್ಲೇ ಇಲ್ಲ. ಎಲ್ರೂ ಕುಡ್ದಿದ್ದ ಅಂದ್ರು, ನಾನೂ ಅಂದೆ. ನಿಂಗಿ, ಕೊನೇಗೆ ಅವ್ನು ಏನಂದ?"

ನಿಂಗಕ್ಕ ಹೇಳಲು ಬಾಯಿ ತೆರೆದಳು.

"ಇಂಜಿನ್ ಹಾಕ್ರಲೇ!" ಎಂದು ಗೌಡ ಅರಚಿದ. "ಹಾಕ್ರಿ, ಅವಳ ದನಿ ಕೇಳಬಾರ್ದು!"

ಯಾರೋ ಹ್ಯಾಂಡಲ್ ತಿರುಗಿಸಿದರು. ಇಂಜಿನ್ ಕೆಮ್ಮಿ, ಹೊಗೆ ಉಗುಳಿ ಹೊಡೆದುಕೊಳ್ಳತೊಡಗಿತು. ಖಾಲಿ ಗಾಣ ಗಡಗಡನೆ ತಿರುಗಿತು. ನಿಂಗಕ್ಕನ ಒಡೆದ ತುಟಿ ಆಡುವುದಷ್ಟೇ ಕಂಡಿತು. ಕಾಳಕ್ಕ ಬಗ್ಗಿ, ತನ್ನ ಕಿವಿಯನ್ನು ಆ ಬಾಯಿಗೆ ಒತ್ತಿ ಹಿಡಿದು ಕೇಳಿದಳು. ಕೊನೆಯವರೆಗೂ ಕೇಳಿದಳು. ಅವಳ ಕೆನ್ನೆಗೆಲ್ಲ ನಿಂಗಕ್ಕನ ರಕ್ತ ಮೆತ್ತಿತು.

ಆಮೇಲೆ ಎದ್ದು ನಿಂತಳು. ಹೆಣದ ಮುಂದೆ ಹಾಡಿ ಅಳುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರಾದ ಗಂಟಲು ಅದು. ಇಂಜಿನ್ನಿನ ಸದ್ದನ್ನು ಸೀಳಿಕೊಂಡು ಹೊರಟಿತು:

"ಹೊಡೀಬ್ಯಾಡ್ರಿ ಅಂದ್ನಂತೆ ಕಣ್ರಲೇ! ಇನ್ ಮ್ಯಾಲೆ ಹೊಡೀಬ್ಯಾಡ್ರಿ ಅಂದ್ನಂತೆ! ನನ್ ಗಂಡ ಕುಡ್ದಿರ್ಲಿಲ್ಲ! ನನ್ ಗಂಡ ಕುಡ್ದಿರ್ಲಿಲ್ಲ!"

ಗೌಡನ ಆಳುಗಳು ದೊಣ್ಣೆ ಹಿಡಿದು ಬರುತ್ತಿದ್ದರು. ಕೇರಿಯವರು ಇಬ್ಬರು ಹೆಂಗಸರ ಸುತ್ತ ನಿಂತಿದ್ದರು. ಹಿಡಿದುಕೊಡಲು ನಿಂತಿದ್ದರೋ, ತಡೆಯಲು ನಿಂತಿದ್ದರೋ, ಅವರಿಗೇ ಗೊತ್ತಿರಲಿಲ್ಲ.